ವಾಪಸ್ ಬರುತ್ತೇನೆಂಬುದಕ್ಕೆ ಸಾಕ್ಷಿ

ಅನುಮಾನ ನನ್ನ ಹುಟ್ಟುಗುಣ. ಹೂವಿನವಳು ಮೊಳ ಹಾಕುವಾಗ ನನ್ನ ಕಣ್ಣು ಹೂವನ್ನು ಬಿಟ್ಟು ಅವಳ ಮೊಳಕೈಯ ಮೇಲಿರುತ್ತದೆ. ಹೋಟೆಲಿನಲ್ಲಿ ಕೇಳದೆ ಚಟ್ನಿ ಹೆಚ್ಚು ಹಾಕಿದರೆ ನಿನ್ನೆಯದಿರಬೇಕು ಅನ್ನಿಸುತ್ತದೆ. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಿವೃತ್ತಳಾಗುವ ತನಕ ಭೂಗೋಳ ಹೇಳಿಕೊಟ್ಟವಳು ನಾನು. ಪರೀಕ್ಷೆಯ ದಿನ ಯಾವಳಾದರೂ ಕಿಟಕಿಯಾಚೆ ಮೋಡ ನೋಡಿದರೆ, ಮೋಡದ ಮೇಲೆ ಉತ್ತರ ಬರೆದಿದೆಯೋ ಏನೋ ಎಂದು ನಾನೂ ಒಮ್ಮೆ ಕತ್ತೆತ್ತಿ ನೋಡುತ್ತಿದ್ದೆ. ಊರಿನವರ ಮೇಲೆಲ್ಲ ಇಷ್ಟು ಅನುಮಾನ ಪಟ್ಟವಳಿಗೆ, ನನ್ನ ಮೇಲೂ ಯಾರಾದರೂ ಅನುಮಾನ ಪಡಬಹುದು ಎಂಬುದು ಮಾತ್ರ ಅರವತ್ತು ದಾಟುವವರೆಗೆ ಹೊಳೆದಿರಲಿಲ್ಲ. ಹೊಳೆಯಿಸಿದ್ದು ಕೆನಡಾ ದೇಶದ ವಿಸಿಟರ್ ವೀಸಾ.

ಆ ದೇಶದ ಮೇಲೆ ನನಗೇನೂ ಆಸೆಯಿರಲಿಲ್ಲ. ವರ್ಷವರ್ಷವೂ ನಕ್ಷೆಯ ಮೇಲೆ ಕೋಲಿನಿಂದ ತೋರಿಸಿ, ಅದರ ಗೋಧಿ, ಅದರ ಸರೋವರ ಎಲ್ಲ ಒಪ್ಪಿಸಿ ಮುಗಿಸಿದ್ದೆ. ಆದರೆ ಅಲ್ಲಿ ವಿಶಾಲು ಇದ್ದಾಳೆ. ನಮ್ಮ ಸ್ಕೂಲಿನಲ್ಲೇ ಗಣಿತ ಹೇಳುತ್ತಿದ್ದವಳು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯವಳು. ಯಾಕೆ ಮದುವೆ ಆಗಲಿಲ್ಲ ಎಂದು ನನ್ನನ್ನು ಒಂದು ದಿನವೂ ಕೇಳದ ಹೆಂಗಸು ನನಗೆ ಗೊತ್ತಿದ್ದಂತೆ ಅವಳೊಬ್ಬಳೇ. ಗಂಡ ತೀರಿಕೊಂಡ ಮೇಲೆ ಅಲ್ಲಿದ್ದ ಮಗಳ ಮನೆಗೆ ಹೋದಳು. ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಇನ್ನು ಇಂಡಿಯಾದವರೆಗೆ ಕೂತು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದರಂತೆ. ಅದನ್ನು ಫೋನಿನಲ್ಲಿ ಹೇಳುವಾಗ ಅವಳ ದನಿ ಎಂದಿನಂತೆಯೇ ಇತ್ತು. “ನೀನೇ ಒಂದ್ಸಲ ಬಂದ್ಹೋಗೇ. ಮಾತಾಡಿ ಮಾತಾಡಿ ಬಾಯಿ ನೋಯ್ಬೇಕು, ನಂಗೆ ಬೇಕಾಗಿರೋದು ಅಷ್ಟೇ” ಎಂದಳು.

ನಾನಿರುವುದು ಅಪ್ಪ ಕಟ್ಟಿಸಿದ ಮನೆಯಲ್ಲಿ, ತಮ್ಮ ರಮೇಶ ಮತ್ತು ಅವನ ಹೆಂಡತಿ ಸುಮಾ ಜೊತೆ. ರಮೇಶ ಗಾಂಧಿಬಜಾರಿನ ಒಬ್ಬ ಟ್ರಾವೆಲ್ ಏಜೆಂಟನ ಹತ್ತಿರ ಕಳಿಸಿದ. ಏಜೆಂಟ್ ಮರ್ಯಾದೆಯಿಂದಲೇ ಕೂರಿಸಿ, ಯಜಮಾನರೇನು ಮಾಡುತ್ತಾರೆ ಎಂದು ಕೇಳಿದ. ಇಲ್ಲ ಎಂದೆ. ಮಕ್ಕಳು? ಇಲ್ಲ. ಕೆಲಸ? ರಿಟೈರ್ ಆಗಿದೆ. ಆತ ಪೆನ್ನು ಕೆಳಗಿಟ್ಟ. “ತಪ್ಪು ತಿಳ್ಕೋಬೇಡಿ ಮೇಡಂ, ಮದುವೆ ಆಗಿದ್ದಿದ್ರೆ ಸ್ವಲ್ಪ ಈಸಿ ಆಗ್ತಿತ್ತು” ಎಂದ. ಮದುವೆಯಿಂದ ಆಗುವ ಲಾಭಗಳನ್ನು ನಮ್ಮಮ್ಮ ಸಾಯುವ ತನಕ ನನಗೆ ವಿವರಿಸಿದ್ದಳು. ಮುಪ್ಪಿಗೆ ಆಸರೆ, ಕಾಯಿಲೆ ಬಿದ್ದರೆ ನೀರು ಕೊಡುವವರು ಎಂದೆಲ್ಲ. ವೀಸಾ ಸಿಗುತ್ತದೆ ಎಂದು ಅವಳೂ ಹೇಳಿರಲಿಲ್ಲ. ಇನ್ನೊಂದು ನಿಮಿಷ ಕೂತರೆ ಈತ ಡ್ರಾಯರಿನಿಂದ ಯಾರದೋ ಜಾತಕ ತೆಗೆದಾನು ಎಂದು ಅನುಮಾನವಾಗಿ ಎದ್ದು ಬಂದೆ. ಅರ್ಜಿಯನ್ನು ನಾನೇ ತುಂಬಿದೆ. ಬೆರಳಚ್ಚು ಕೊಡಲು ಹೋದರೆ ಅಲ್ಲಿನ ಯಂತ್ರಕ್ಕೆ ನನ್ನ ಬೆರಳಿನ ಗೆರೆಗಳೇ ಸಿಗಲಿಲ್ಲ. ಸೀಮೆಸುಣ್ಣ ಹಿಡಿದು ಸವೆದಿರಬೇಕು. ಅಲ್ಲಿದ್ದ ಹುಡುಗಿ ನನ್ನ ಬೆರಳನ್ನು ಒರೆಸಿ ಒರೆಸಿ ಒತ್ತಿಸಿದಳು. ಕೊನೆಗೆ ಯಂತ್ರ ಒಪ್ಪಿಕೊಂಡಿತು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ.

ಕೆಲವು ವಾರ ಕಳೆದು ಉತ್ತರ ಬಂತು. ತಾತ್ಕಾಲಿಕ ವಾಸ ಮುಗಿದ ಮೇಲೆ ಈಕೆ ನಮ್ಮ ದೇಶ ಬಿಟ್ಟು ಹೋಗುತ್ತಾಳೆಂದು ನನಗೆ ಮನವರಿಕೆಯಾಗಿಲ್ಲ, ಸ್ವದೇಶದಲ್ಲಿ ಈಕೆಗೆ ಹೇಳಿಕೊಳ್ಳುವಂಥ ಕುಟುಂಬದ ಬಂಧಗಳಿಲ್ಲ ಎಂದು ಅಲ್ಲಿನ ಅಧಿಕಾರಿ ಬರೆದಿದ್ದ. ನಾನು ಎಂಥವಳೆಂದರೆ, ಹಿಂದೆ ಮಲ್ಲೇಶ್ವರದಲ್ಲಿ ಒಳ್ಳೆಯ ಮನೆಯೊಂದು ಸಿಕ್ಕಾಗ, ಮಾರ್ಕೆಟ್ಟು ದೂರವಾಗುತ್ತದೆ ಎಂದು ಬೇಡ ಅಂದವಳು. ಅಂಥವಳು ಗುಟ್ಟಾಗಿ ಹಿಮದಲ್ಲಿ ಸಂಸಾರ ಹೂಡುವ ಹಂಚಿಕೆ ಹಾಕಿದ್ದಾಳಂತೆ. ರಮೇಶ ಪತ್ರ ಓದಿ, ನಿನಗೆ ಯಾರೂ ಇಲ್ಲ ಅಂತ ಬರೆದಿದ್ದಾನಲ್ಲ, ನಾನು ಯಾರು ಹಾಗಾದರೆ ಎಂದು ಮುಖ ಸಣ್ಣದು ಮಾಡಿಕೊಂಡ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲ ಹತ್ತಿರ ನಿಂತು, “ಅಕ್ಕಾ, ಅಲ್ಲೇ ಇದ್ಬಿಡೋ ಯೋಚ್ನೆ ಏನಾದ್ರೂ ಇದೆಯಾ ನಿಂಗೆ?” ಎಂದ. ಅನುಮಾನ ನೆಗಡಿಯ ಹಾಗೆ, ಅಷ್ಟು ದೂರದಿಂದ ಬಂದು ನಮ್ಮ ನಡುಮನೆಯಲ್ಲಿ ಎಲ್ಲರಿಗೂ ಹತ್ತಿತು.

ಆಮೇಲೆ ಕೂತು ನಿಧಾನವಾಗಿ ಓದಿದಾಗ ವಿಸಿಟರ್ ವೀಸಾದ ಮರ್ಮ ನನಗೆ ತಿಳಿಯಿತು. ಅವರಿಗೆ ನಾನು ಯಾಕೆ ಬರುತ್ತೇನೆ ಎಂಬುದಕ್ಕಿಂತ ಯಾಕೆ ಹೋಗುತ್ತೇನೆ ಎಂಬುದು ಮುಖ್ಯ. ಬರುವವರೆಲ್ಲ ಅಲ್ಲೇ ಉಳಿಯುವವರು ಎಂದು ಮೊದಲು ಎಣಿಸಿಕೊಳ್ಳುವುದು, ಇಲ್ಲವೆಂದು ತೋರಿಸುವ ಭಾರ ಬರುವವರ ತಲೆಯ ಮೇಲೆ. ಸರಿ, ತೋರಿಸೋಣ ಎಂದು ಎರಡನೆಯ ಅರ್ಜಿಗೆ ಕೂತೆ. ಪಿಂಚಣಿ ಇಲ್ಲಿದೆ, ಮನೆಯಲ್ಲಿ ಅರ್ಧ ಪಾಲಿದೆ, ಬಿಪಿ ನೋಡುವ ಡಾಕ್ಟರು ಇಲ್ಲಿದ್ದಾರೆ ಎಂದು ಬರೆದೆ. ಎದುರುಮನೆ ನಾಗರತ್ನಮ್ಮ, ಈಕೆ ಹೋಗಿಬಿಟ್ಟರೆ ನಮ್ಮ ರಸ್ತೆಗೆ ಕಾವೇರಿ ನೀರು ಬಾರದ ದಿನ ದೂರು ಬರೆಯುವವರೇ ಇಲ್ಲ ಎಂದು ತಾವೇ ಕೆನಡಾಕ್ಕೆ ಬರೆದುಕೊಡಲು ಮುಂದೆ ಬಂದರು. ಸುಮಾ ಬೀರುವಿನಿಂದ ಮನೆಯ ಪತ್ರ ತಂದುಕೊಟ್ಟು, “ನೀವು ಬಂದೇ ಬರ್ತೀರಿ ಅಂತ ನಂಗೊತ್ತು ಅಕ್ಕಾ” ಎಂದಳು. ಅದು ಮೆಚ್ಚುಗೆಯೋ ನಿಟ್ಟುಸಿರೋ ಎಂದು ಅವಳ ಮುಖ ನೋಡಿದೆ. ಗೊತ್ತಾಗಲಿಲ್ಲ.

ಈ ಸಲ ವೀಸಾ ಬಂತು, ಅದೂ ಹತ್ತು ವರ್ಷದ್ದು. ಸುದ್ದಿ ಕೇಳಿ ನಾಗರತ್ನಮ್ಮ ತಟ್ಟೆಯಲ್ಲಿ ತಾಂಬೂಲ, ರವಿಕೆ ಕಣ ಇಟ್ಟುಕೊಂಡು ಬಂದು ಕಣ್ಣೊರೆಸಿಕೊಂಡರು. ಹತ್ತು ವರ್ಷ ಕಳೆದು ನೀವು ಬರುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ ಎಂದರು. ನಾನು ಪಾಠ ಹೇಳುವ ದನಿಯಲ್ಲಿ ವಿವರಿಸಿದೆ. ವೀಸಾ ಎಂದರೆ ಹತ್ತು ವರ್ಷದೊಳಗೆ ಬಂದು ಬಾಗಿಲು ತಟ್ಟಬಹುದು ಎಂಬ ಅಪ್ಪಣೆ, ಒಳಗೆ ಎಷ್ಟು ದಿನ ಇರಬಹುದು ಎಂದು ಹೇಳುವುದು ಬಾಗಿಲಲ್ಲಿ ಕೂತ ಅಧಿಕಾರಿ. ಲಗ್ನಪತ್ರಿಕೆ ಬಂತೆಂದು ಛತ್ರದಲ್ಲೇ ಬಿಡಾರ ಹೂಡುತ್ತೇವೆಯೇ ಎಂದೂ ಕೇಳಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ.

ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಎಷ್ಟು ದಿನ ಇರುತ್ತೀರಿ ಎಂದ. ಆರು ವಾರ ಎಂದೆ. ಏನು ಮಾಡುತ್ತೀರಿ? ಸ್ನೇಹಿತೆಯ ಹತ್ತಿರ ಮಾತನಾಡುತ್ತೇನೆ. ಆರು ವಾರ ಪೂರ್ತಿ ಮಾತೇ ಎಂದ. ಸಾಲುವುದಿಲ್ಲ, ಆದರೆ ಟಿಕೆಟ್ ಅಷ್ಟಕ್ಕೇ ಇದೆ ಎಂದೆ. ಆತ ನಕ್ಕು, ಬೇಕಾದರೆ ಆರು ತಿಂಗಳವರೆಗೂ ಇರಬಹುದು ಎಂದು ಹೇಳಿ ಮುದ್ರೆ ಒತ್ತಿದ. ಈತ ಯಾಕೆ ಇಷ್ಟು ಧಾರಾಳಿ ಎಂದು ಟ್ಯಾಕ್ಸಿಯಲ್ಲಿ ಕೂತ ಮೇಲೂ ಯೋಚಿಸುತ್ತಿದ್ದೆ.

ವಿಶಾಲು ವಾಕರ್ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ಅಷ್ಟು ನಡೆಯುವುದಕ್ಕೆ ಅವಳಿಗೆ ಎಷ್ಟು ಹೊತ್ತು ಹಿಡಿದಿರುತ್ತದೆ ಎಂದು ಆಮೇಲೆ ತಿಳಿಯಿತು. ಇಬ್ಬರ ಬಾಯಿಯೂ ನೋಯುವಷ್ಟು ಮಾತಾಡಿದೆವು. ಸತ್ತ ಹೆಡ್ಮಿಸ್ಟ್ರೆಸ್ಸನ್ನು ಮತ್ತೆ ಬದುಕಿಸಿ ಬೈದೆವು. ಹೊರಡುವ ದಿನ ಅವಳು, “ಇನ್ನೂ ಅಷ್ಟೊಂದು ತಿಂಗಳು ಕೊಟ್ಟಿದಾರಲ್ಲೇ” ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು. ನಾನು ಸೂಟ್‌ಕೇಸಿನ ಜಿಪ್ ಎಳೆಯುತ್ತಾ ಕೂತೆ, ಅದು ಆಗಲೇ ಮುಚ್ಚಿತ್ತು.

ಮನೆಗೆ ಬಂದರೆ ನನ್ನ ರೂಮಿನಲ್ಲಿ ಸುಮಾಳ ಹೊಲಿಗೆ ಯಂತ್ರ ಕೂತಿದೆ. ನಾಳೆ ತೆಗೆಸ್ತೀನಿ ಅಕ್ಕಾ ಎಂದಳು. ನಾಳೆ ಬಂದು ಹೋಗುತ್ತಲೇ ಇತ್ತು. ನಾಗರತ್ನಮ್ಮ ಗೇಟಿನ ಹತ್ತಿರ ದನಿ ತಗ್ಗಿಸಿ, ಅಲ್ಲೇನಾದರೂ ಗಲಾಟೆಯಾಗಿ ಕಳಿಸಿಬಿಟ್ಟರೇ ಎಂದು ವಿಚಾರಿಸಿದರು. ಹತ್ತು ವರ್ಷ ಕೊಟ್ಟಿರುವಾಗ ಯಾರಾದರೂ ಇಷ್ಟು ಬೇಗ ಬರುತ್ತಾರೆಯೇ ಎಂಬುದು ಅವರ ವಾದ. ಅದೇ ವಾರ ಸುಮಾ ಕಾಫಿ ಕೊಡುತ್ತಾ, ಅದೇ ವೀಸಾದಲ್ಲಿ ಇನ್ನೊಂದು ಸಲ ಹೋಗಬಹುದಲ್ಲವೇ ಎಂದು ಕೇಳಿದಳು. ನನ್ನ ಕಿವಿ ನೆಟ್ಟಗಾಯಿತು. ನನ್ನನ್ನು ಸಾಗಹಾಕಿ ರೂಮು ಹಿಡಿಯುವ ಹುನ್ನಾರ ಎಂದುಕೊಂಡೆ. ಅಂದಿನಿಂದ ಅವಳು ಅನ್ನಕ್ಕೆ ತುಪ್ಪ ಜಾಸ್ತಿ ಹಾಕಿದರೂ ಅದರ ಹಿಂದಿನ ಲೆಕ್ಕ ಬೇರೆ ಎಂದೇ ಉಂಡೆ.

ಒಂದು ಮಧ್ಯಾಹ್ನ, ರಮೇಶ ಆಫೀಸಿನಲ್ಲಿದ್ದಾಗ, ಅವಳು ಅಡಿಗೆಮನೆಯಿಂದ ನನ್ನನ್ನು ಕರೆದಳು. ಒಲೆಯ ಮೇಲೆ ಹಾಲಿತ್ತು. ನನ್ನ ಕಡೆ ನೋಡದೆ, “ಮುಂದಿನ್ಸಲ ನನ್ನನ್ನೂ ಕರ್ಕೊಂಡ್ಹೋಗ್ತೀರಾ ಅಕ್ಕಾ? ಇವರು ಬೇಡ. ನಾವಿಬ್ರೇ” ಎಂದಳು. ಮದುವೆಯಾಗಿ ಬಂದಾಗಿನಿಂದ ಅವಳು ಬೇಕು ಎಂದು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ತುಪ್ಪದ ವಿಷಯ ನೆನೆದು ನಾಚಿಕೆಯಾಯಿತು. ನೀನು ಏನೂ ಯೋಚಿಸಬೇಡ, ಗಂಡ ಇದ್ದಾನೆ, ಮೈಸೂರಿನಲ್ಲಿ ಮಗಳಿದ್ದಾಳೆ, ನಿನ್ನಂಥವರಿಗೆ ಕೂಡಲೇ ಕೊಡುತ್ತಾರೆ, ನಾನೇ ಸಾಕ್ಷಿ ಬರೆದುಕೊಡುತ್ತೇನೆ ಎಂದೆ. ಹಳೆಯ ಮೇಷ್ಟರಿಕೆ ಎಲ್ಲಿ ಹೋಗುತ್ತದೆ, ಪಾಠ ಒಪ್ಪಿಸಿಕೊಳ್ಳುವವಳ ಹಾಗೆ ಕೇಳಿದೆ: “ವಾಪಸ್ ಯಾಕೆ ಬರ್ತೀಯ ಅಂತ ಕೇಳಿದ್ರೆ ಏನು ಹೇಳ್ತೀಯ?”

ಸುಮಾ ಉಕ್ಕಿ ಬಂದ ಹಾಲಿಗೆ ಉರಿ ಸಣ್ಣದು ಮಾಡಿದಳು. ಪಾತ್ರೆಯನ್ನು ಕೆಳಗಿಳಿಸುತ್ತಾ, “ಯೋಚ್ನೆ ಮಾಡಿ ಹೇಳ್ತೀನಿ ಅಕ್ಕಾ” ಎಂದಳು.

ಇನ್ನೂ ಹೇಳಿಲ್ಲ. ಸಂಜೆ ರಮೇಶ ಆಫೀಸಿನಿಂದ ಬಂದು, ಪೇಪರಿನಿಂದ ತಲೆಯೆತ್ತದೆ ಕಾಫಿಗೆ ಕೈ ಚಾಚುತ್ತಾನೆ. ಅವಳು ಲೋಟ ಇಡುತ್ತಾಳೆ. ನಾನು ಎದುರಿನ ಕುರ್ಚಿಯಲ್ಲಿ ಕೂತು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡುತ್ತೇನೆ. ಮಾತು ಕೊಟ್ಟಿದ್ದೇನೆ, ಸಾಕ್ಷಿ ಬರೆದುಕೊಡಲೇಬೇಕು. ಆದರೆ ಬರೆಯಲು ಕೈ ಬರುತ್ತಿಲ್ಲ.