ಆಂಜನಪ್ಪನ ಐದು ಸ್ವರ

ಆಂಜನಪ್ಪನಿಗೆ ಗಿಟಾರಿನಲ್ಲಿ ಸೋಲೋ ಬಾರಿಸಲು ಬರುತ್ತಿರಲಿಲ್ಲ. ಕಾರ್ಡ್ ಹಿಡಿದು ಹಾಡಿನ ಹಿಂದೆ ಜರ್ ಜರ್ ಎಂದು ಎಳೆಯುವುದಷ್ಟೇ ಗೊತ್ತಿತ್ತು. ಹಾಡು ನಿಂತು ಗಿಟಾರು ತಾನೇ ಮಾತಾಡಬೇಕಾದ ಕಡೆ ಅವನ ಬೆರಳುಗಳು ಪಂಚಾಯ್ತಿಗೆ ಸಾಕ್ಷಿ ಹೇಳಲು ಬಂದವರಂತೆ ತಲೆ ತಗ್ಗಿಸಿಬಿಡುತ್ತಿದ್ದವು.

ಇಂಥವನಿಗೆ ತಿಪಟೂರಿನ ಆರ್ಕೆಸ್ಟ್ರಾದ ಶಂಭುಲಿಂಗಯ್ಯ ಹೇಳಿಕಳಿಸಿದ್ದ. ಇದ್ದ ಗಿಟಾರಿನವನನ್ನು ಬಿಡಿಸಿದ್ದಾಗಿದೆ, ಶುಕ್ರವಾರ ಸಾಯಂಕಾಲ ಬಂದು ಬಾರಿಸಿ ತೋರಿಸಬೇಕು. ಆ ಹಿಂದಿನವನಿಗೆ ಸೋಲೋ ಬಾರದ್ದಕ್ಕೇ ಬಿಡಿಸಿರಬೇಕು ಎಂದು ಆಂಜನಪ್ಪ ತೀರ್ಮಾನಿಸಿಕೊಂಡ. ಅಪ್ಪ ನಂಜುಂಡಪ್ಪನದು ಬೇರೆ ತೀರ್ಮಾನ.

"ಅವ್ರು ತಗಂಡ್ರೆ ಸರಿ ಕಣ್ಲಾ. ಇಲ್ಲಾಂದ್ರೆ ಶನಿವಾರದಿಂದ ಮಲ್ಲಿಕಾರ್ಜುನಯ್ಯನೋರ ಮಂಡೀಲಿ ಮೂಟೆ ಹೊಲೀತಾ ಕೂತ್ಕ."

ತುಮಕೂರಿನ ಹಾಸ್ಟೆಲಿನ ಗೆಳೆಯನೊಬ್ಬ ಹಿಂದೆ ಆಂಜನಪ್ಪನಿಗೆ ಒಂದು ಸ್ಕೇಲು ತೋರಿಸಿಕೊಟ್ಟಿದ್ದ. ಐದೇ ಸ್ವರ. ಹತ್ತು, ಇಳಿ. ಕೈ ಪಳಗಿದ ಮೇಲೆ ಆ ಐದರೊಳಗೆ ಎಲ್ಲಿ ಬೇಕಾದರೂ ಓಡಾಡು, ಅದೇ ಸೋಲೋ ಎಂದಿದ್ದ. ಶುಕ್ರವಾರ ಬೆಳಗಾಗುತ್ತಲೇ ಆಂಜನಪ್ಪ ಹತ್ತಲು ಶುರುಮಾಡಿದ.

ಅವತ್ತೇ ಮನೆಯಲ್ಲಿ ಕೊಬ್ಬರಿ ಒಡೆಯುವ ಕೆಲಸ. ಮಾರನೆಯ ದಿನ ಮಾರ್ಕೆಟ್ಟು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಎಡಗೈಲಿ ತಿರುಗಿಸುತ್ತ, ಮಚ್ಚಿನಿಂದ ಕರಟದ ಸುತ್ತ ಹದವಾಗಿ ತಟ್ಟಿದರೆ ಒಳಗಿನ ಕೊಬ್ಬರಿ ಇಡೀ ಉಂಡೆಯಾಗಿ ಆಚೆ ಬರಬೇಕು. ಏಟು ಒಂದು ಕೂದಲು ಜಾಸ್ತಿಯಾದರೆ ಹೋಳು. ಉಂಡೆಗೆ ಇರುವ ಮರ್ಯಾದೆ ಹೋಳಿಗಿಲ್ಲ. ಅಟ್ಟದಿಂದ ಕುಕ್ಕೆಯಲ್ಲಿ ಕಾಯಿ ಇಳಿಸಿಕೊಡುವ ಕೆಲಸ ಆಂಜನಪ್ಪನ ತಲೆಗೆ ಬಿತ್ತು. ಒಂದು ಕುಕ್ಕೆ ಇಳಿಸುವುದು, ಅಟ್ಟದಲ್ಲೇ ಕೂತು ಗಿಟಾರು ಎತ್ತಿಕೊಳ್ಳುವುದು.

"ಹತ್ತೀಯ, ಇಳೀತೀಯ, ಹತ್ತೀಯ, ಇಳೀತೀಯ. ಒಂದ್ ಕಾಯಾದ್ರೂ ಕಿತ್ತಿದ್ದೀಯೇನಪ್ಪ?" ಎಂದು ಕೂಲಿಗೆ ಬಂದು ಕೆಳಗೆ ಒಡೆಯುತ್ತ ಕೂತಿದ್ದ ಭೈರಮ್ಮ ಕೇಳಿದಳು.

"ಬುಡಕ್ಕ, ಕೈಗೆ ಲಯ ಸಿಕ್ತಾ ಅದೆ," ಎಂದಳು ಪಕ್ಕದ ಸಿದ್ದಕ್ಕ.

ನಿಜವೇ. ಸ್ವರಕ್ಕೊಂದು ಏಟು, ಏಟಿಗೊಂದು ತಿರುವು. ಇಬ್ಬರ ಮಚ್ಚೂ ಸ್ಕೇಲಿನ ಜೊತೆಗೇ ನಡೆಯುತ್ತಿದ್ದವು. ಉಂಡೆಗಳು ಸರಸರನೆ ರಾಶಿ ಬೀಳುತ್ತಿದ್ದುದನ್ನು ನೋಡಿ ನಂಜುಂಡಪ್ಪನೂ ಬಾಯಿ ಮುಚ್ಚಿಕೊಂಡಿದ್ದ. ಬೀಡಿಗೆ ಬೆಂಕಿ ಕೇಳಲು ಬಂದ ಪಕ್ಕದ ಮನೆಯ ದೊಡ್ಡಣ್ಣ ಮಾತ್ರ ಸುಮ್ಮನಿರಲಿಲ್ಲ.

"ಲೇ ಆಂಜನಪ್ಪ, ಕಣಕ್ಕೆ ಕಟ್ಟಿದ ಎತ್ತೂ ಮಧ್ಯದಲ್ಲೊಂದ್ಸಲ ನಿಂತು ಬಾಲ ಬೀಸ್ತದೆ ಕಣ್ಲಾ. ನೀನು ಅದೂ ಇಲ್ವಲ್ಲ."

ಆ ಮಾತು ಆಂಜನಪ್ಪನಿಗೆ ನಾಟಿತು. ಮೂರನೆಯ ಸ್ವರದಲ್ಲಿ ನಿಂತ. ಅಲ್ಲಿಂದ ಐದಕ್ಕೆ ಹಾರಿದ. ಜಾರಿ ಎರಡಕ್ಕೆ ಬಂದ. ಮನಸ್ಸು ಹೋದಲ್ಲಿಗೆ ಬೆರಳು ಹೋಯಿತು. ಮೈಯಲ್ಲಿ ಇರುವೆ ಹರಿದಂತಾಗಿ ಅವನು ಕೂತಲ್ಲಿ ಕೂರಲಾರದೆ ಎದ್ದು ನಿಂತು ಬಾರಿಸತೊಡಗಿದ.

ಕೆಳಗೆ ಮಚ್ಚುಗಳು ದಾರಿ ತಪ್ಪಿದವು. ಕೈ ತಿರುಗುವ ಮೊದಲೇ ಏಟು ಬೀಳತೊಡಗಿತು. ಫಟ್, ಹೋಳು. ಫಟ್, ಇನ್ನೊಂದು. ನೋಡನೋಡುತ್ತ ಹೋಳುಗಳದೇ ಒಂದು ರಾಶಿ.

"ಅಯ್ಯೋ ನಿಲ್ಸಪ್ಪೋ, ನನ್ ಬೆರಳೂ ಹೋಗ್ತದೆ," ಎಂದು ಸಿದ್ದಕ್ಕ ಮಚ್ಚು ಕೆಳಗಿಟ್ಟಳು.

ನಂಜುಂಡಪ್ಪ ಹೋಳುಗಳನ್ನು ಒಂದು ಕಡೆ ಎಣಿಸಿಟ್ಟು, ಏಣಿಯ ಬುಡದಲ್ಲಿ ನಿಂತು, "ಇಳೀಲಾ ಕೆಳಕ್ಕೆ," ಎಂದ. ಆಂಜನಪ್ಪ ಇಳಿದವನೇ ಗಿಟಾರು ಅವುಚಿಕೊಂಡು ಬಸ್ಸಿನ ಕಡೆ ಓಡಿದ.

ಬಸ್ಸಿನಲ್ಲೂ ಬೆರಳು ನಿಲ್ಲಲಿಲ್ಲ. ಮುಂದಿನ ಸೀಟಿನ ಕಂಬಿಯ ಮೇಲೆ ಓಡಿದವು, ಕಂಬಿ ಮುಗಿದ ಮೇಲೆ ಮುಂದೆ ಕೂತವರ ಭುಜದ ಮೇಲೂ ಓಡಿದವು. ಆ ಯಜಮಾನರು ತಿರುಗಿ, "ಜ್ವರ ಏನಪ್ಪಾ?" ಎಂದು ಕೇಳಿ ಕಿಟಕಿ ಮುಚ್ಚಿದರು.

ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಆರ್ಕೆಸ್ಟ್ರಾದವರು ಕಾಯುತ್ತಿದ್ದರು. ಹಾಡುವವಳು ಹೊಂಬಾಳಮ್ಮ. ಹಾಡು ಶುರುವಾಗಿ ಅವಳು ಒಂದು ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಆಂಜನಪ್ಪ ಗಿಟಾರಿನೊಡನೆ ನಡುವೆ ನುಗ್ಗಿದ. ಹತ್ತಿದ, ಹಾರಿದ, ಜಾರಿದ. ಹುಟ್ಟಿದಾಗಿನಿಂದ ಅಷ್ಟು ಚೆನ್ನಾಗಿ ಅವನು ಬಾರಿಸಿರಲಿಲ್ಲ. ಹೊಂಬಾಳಮ್ಮ ಮುಂದಿನ ಸಾಲು ಮರೆತು ನಿಂತಳು.

"ಇದನ್ನ ಯಾವಾಗ ಕಲ್ತೆ?" ಎಂದು ಶಂಭುಲಿಂಗಯ್ಯ ಮೆಲ್ಲಗೆ ಕೇಳಿದ.

"ಇವತ್ತೇ ಸಾರ್."

"ಒಂದು ದಿವಸ ತಡೀಬಾರ್ದಿತ್ತಾ? ಹಿಂದಿನವನೂ ಹಿಂಗೇ ಕಣಯ್ಯಾ. ಹಾಡೋರಿಗೆ ಬಾಯಿ ಬಿಡೋಕೆ ಜಾಗ ಕೊಡ್ತಿರಲಿಲ್ಲ. ಅದಕ್ಕೇ ಬಿಡಿಸಿದ್ದು. ನಿಂಗೆ ಬರೀ ಕಾರ್ಡ್ ಬರೋದು, ಸೋಲೋ ಗೀಲೋ ಏನೂ ಬರಲ್ಲ ಅಂತ ನಿಮ್ಮೂರು ಬಿಳಿಗೆರೆಯವ್ರೇ ಹೇಳಿದ್ರು. ಸದ್ಯ ಸಿಕ್ಕಿದನಲ್ಲ ಅಂತ ಕರೆಸ್ದೆ."

"ಬರೀ ಕಾರ್ಡೇ ಬಾರಿಸ್ತೀನಿ ಸಾರ್. ಇನ್ನೊಂದ್ಸಲ ನೋಡಿ."

ಇನ್ನೊಂದು ಸಲವೂ ಆಯಿತು. ಮೊದಲ ಸಾಲಿಗೆ ಆಂಜನಪ್ಪ ಹಲ್ಲು ಕಚ್ಚಿ ಕಾರ್ಡ್ ಹಿಡಿದ. ಎರಡನೆಯ ಸಾಲಿಗೆ ಹಣೆಯಲ್ಲಿ ಬೆವರೊಡೆಯಿತು. ಮೂರನೆಯ ಸಾಲು ಮುಗಿದು ಹೊಂಬಾಳಮ್ಮ ಉಸಿರು ತೆಗೆದುಕೊಂಡಳು. ಬೆರಳುಗಳು ಅವನನ್ನು ಕೇಳಲಿಲ್ಲ.

ಶಂಭುಲಿಂಗಯ್ಯ ಎದ್ದು ಬಾಗಿಲು ತೆಗೆದು ಹಿಡಿದುಕೊಂಡ.

ಆ ಶುಕ್ರವಾರ ಹೋದದ್ದು ಇಷ್ಟು: ಉಂಡೆ ಕೊಬ್ಬರಿ ಮೂವತ್ತೇಳು, ಆರ್ಕೆಸ್ಟ್ರಾದಲ್ಲಿ ಜಾಗ ಒಂದು.