ಸಮ ತಪ್ಪಿದ ವಾಹ್

ಆಳಂದದಲ್ಲಿ ಸಂಗೀತ ಬಲ್ಲವನೆಂದು ಹೆಸರು ಪಡೆಯಲು ಹಾಡಲು ಬರಬೇಕಿಲ್ಲ. ಖಾದಿ ಜುಬ್ಬಾ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ಆಗಾಗ 'ವಾಹ್' ಅಂದರೆ ಸಾಕು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಹೀಗೆಯೇ ಸಂಗೀತಜ್ಞನಾದವನು. ಆದ್ದರಿಂದ ರೇಡಿಯೊದವರು ಫೋನ್ ಮಾಡಿ, ಅಫಜಲಪುರ ಕಡೆಯ ಹಿರಿಯ ಗವಾಯಿಗಳೊಬ್ಬರು ಹಾಡಲು ಬರುತ್ತಿದ್ದಾರೆ, ಹಾಡಿಗೆ ಮೊದಲು ನೀವು ಅವರನ್ನು ಮಾತಾಡಿಸಬೇಕು ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡ ಯಾಕೆ ಮಾಡಿದರು ಎಂದಷ್ಟೇ ಅನ್ನಿಸಿತು.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದುದು ಕೇಳುಗರ ಮೆಚ್ಚುಗೆಯಲ್ಲ, ಮಾವನದು. ಜೇವರ್ಗಿ ಕಡೆಯ ಇಜೇರಿಯಲ್ಲಿ ಅವರು ಭಜನಾ ಮೇಳದ ಹಿರಿಯರು, ತಬಲಾ ಬಾರಿಸುವವರು. ಮದುವೆಯಾದ ಹೊಸತರಲ್ಲಿ ನನ್ನನ್ನು ಭಜನೆಗೆ ಕೂಡಿಸಿ ಕೈಗೆ ತಾಳ ಕೊಟ್ಟಿದ್ದರು. ಒಂದು ಪದ ಮುಗಿಯುವ ಮೊದಲೇ, "ಅಳಿಯಾರ, ನೀವು ಚಾ ಕುಡೀರಿ" ಎಂದು ತಾಳ ವಾಪಸು ಇಸಿದುಕೊಂಡರು. ಅಂದಿನಿಂದ ಆ ಮನೆಯಲ್ಲಿ ನನಗೆ ಚಹಾ ಸಿಗುತ್ತದೆ, ತಾಳ ಸಿಗುವುದಿಲ್ಲ. ಈ ಅವಮಾನ ತೀರಿಸಿಕೊಳ್ಳಲು ರೇಡಿಯೊಗಿಂತ ಒಳ್ಳೆಯ ಜಾಗ ಯಾವುದು?

ವಾರವಿಡೀ ಪ್ರಶ್ನೆ ಸಿದ್ಧ ಮಾಡಿದೆ. ಮೊದಲನೆಯದನ್ನು ಹೆಂಡತಿ ಸುವರ್ಣಾಳಿಗೆ ಒಪ್ಪಿಸಿದೆ. ನಾನು ಮುಗಿಸುವಷ್ಟರಲ್ಲಿ ಅವಳು ಎರಡು ರೊಟ್ಟಿ ಬಡಿದು ಹಂಚಿಗೆ ಹಾಕಿದ್ದಳು.

"ಇದರಾಗ ಪ್ರಶ್ನಿ ಎಲ್ಲೈತ್ರಿ?"

"ಇದು ಪೀಠಿಕೆ."

"ಅವ್ರಿಗೂ ಒಂದೀಟು ಮಾತಾಡಾಕ ಬಿಡ್ರಿ ಮತ್ತ."

ತಬಲಾ ಕೇಳಿಕೊಂಡೇ ಬೆಳೆದರೂ ಸಂಗೀತದ ಗಂಧವಿಲ್ಲದವಳು ಎಂದು ಕ್ಷಮಿಸಿದೆ.

ಸ್ಟುಡಿಯೊದಲ್ಲಿ ಕೆಂಪು ದೀಪ ಹತ್ತಿತು. ನಾದಬ್ರಹ್ಮದಿಂದ ಹೊರಟು, ಘರಾಣೆಗಳನ್ನು ಹಾದು, ಜಾಗತೀಕರಣದ ಹತ್ತಿರ ಬಂದು ಉಸಿರು ತೆಗೆದುಕೊಂಡು, "ಇದಕ್ಕೆ ತಾವೇನು ಹೇಳುತ್ತೀರಿ?" ಎಂದೆ.

ಗವಾಯಿಗಳು ಕೈಮುಗಿದು, "ಹೌದ್ರಿ" ಎಂದರು.

ಎರಡನೆಯ ಪ್ರಶ್ನೆ ಇನ್ನೂ ಆಳವಾಗಿತ್ತು. "ಅದೂ ಖರೇನ್ರಿ" ಎಂದರು. ಮೂರನೆಯದಕ್ಕೆ ಪಾಪ, ಅವರಿಗೇ ಹುರುಪು ಬಂದು, "ನಮ್ಮ ಗುರುಗಳು ಭಾಳ ಸಿಟ್ಟಿನವ್ರು. ಒಂದ್ ಸಲ ಏನಾತಂದ್ರ..." ಎಂದು ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿ, "ಅಂದರೆ ಗುರುಶಿಷ್ಯ ಪರಂಪರೆಯ ಮಹತ್ವವನ್ನು ಹೇಳುತ್ತಿದ್ದೀರಿ" ಎಂದು ಅವರ ಉತ್ತರವನ್ನೂ ನಾನೇ ಮುಗಿಸಿಕೊಟ್ಟೆ. ಆ ಸಲ ಏನಾಯಿತೋ ಇಂದಿಗೂ ಯಾರಿಗೂ ಗೊತ್ತಿಲ್ಲ. ಗಾಜಿನ ಆಚೆ ಕೂತಿದ್ದ ಅಧಿಕಾರಿ ಹಣೆ ಒತ್ತಿಕೊಳ್ಳುತ್ತಿದ್ದರು. ತಲ್ಲೀನರಾಗಿದ್ದಾರೆ ಎಂದುಕೊಂಡೆ.

ಕೊನೆಗೆ ಹಾಡು. ತಾಳ ಒಂದು ಸುತ್ತು ಮುಗಿಸಿ ಮೊದಲ ಪೆಟ್ಟಿಗೆ ಮರಳುವ ಜಾಗಕ್ಕೆ ಸಮ ಎನ್ನುತ್ತಾರೆ. ತಿಳಿದವರು 'ವಾಹ್' ಅನ್ನುವುದು ಅಲ್ಲಿ. ಸಭೆಯಲ್ಲಾದರೆ ಪಕ್ಕದವರು ತಲೆದೂಗಿದ್ದನ್ನು ಓರೆಗಣ್ಣಿನಲ್ಲಿ ನೋಡಿ ನಾನು ಅನ್ನುತ್ತಿದ್ದೆ. ಸ್ಟುಡಿಯೊದಲ್ಲಿ ಪಕ್ಕದವರೇ ಇಲ್ಲ! ದೇವರ ಮೇಲೆ ಭಾರ ಹಾಕಿ, ತೋಚಿದಲ್ಲೆಲ್ಲ ಗಟ್ಟಿಯಾಗಿ 'ವಾಹ್' ಎಂದೆ. ನನ್ನ ಮುಂದಿನ ಮೈಕು ಚಾಲೂ ಇತ್ತು. ತಬಲಾದವರು ಎರಡು ಸಲ ನನ್ನನ್ನೇ ದಿಟ್ಟಿಸಿ ನೋಡಿದರು. ಅದನ್ನೂ ಅಭಿಮಾನವೆಂದೇ ತಿಳಿದೆ.

ಪ್ರಸಾರದ ದಿನ ಅಲ್ಲಿ ಇಜೇರಿಯಲ್ಲಿ ಮಾವ ಪಡಸಾಲೆಯಲ್ಲಿ ಜಮಖಾನೆ ಹಾಸಿ ಇಡೀ ಭಜನಾ ಮೇಳವನ್ನು ಕೂಡಿಸಿದ್ದರು. ಇಲ್ಲಿ ನಾವಿಬ್ಬರು ರೇಡಿಯೊ ಮುಂದೆ ಕೂತೆವು. ಬಂದದ್ದು ಯಾರೋ ಹೆಣ್ಣುಮಗಳ ದನಿ. "ಚಿಕ್ಕಂದಿನಿಂದಲೇ ಹಾಡುತ್ತಿದ್ದೀರಾ?" ಎಂದು ಆಕೆ ಕೇಳಿದರೆ, ಅದಕ್ಕೆ ನನ್ನ ನಾದಬ್ರಹ್ಮದ ಪ್ರಶ್ನೆಗೆ ಗವಾಯಿಗಳು ಕೊಟ್ಟ 'ಹೌದ್ರಿ'ಯನ್ನು ತಂದು ಅಂಟಿಸಿದ್ದರು. ನನ್ನ ಪ್ರಶ್ನೆಗಳಿಲ್ಲ, ನನ್ನ ಹೆಸರೂ ಇಲ್ಲ. ಆದರೆ ಹಾಡಿನೊಳಗೆ ಸೇರಿಕೊಂಡಿದ್ದ ನನ್ನ 'ವಾಹ್'ಗಳನ್ನು ಕತ್ತರಿಸಿದರೆ ಹಾಡೂ ಹರಿದುಹೋಗುತ್ತದೆ. ಅವನ್ನು ಹಾಗೇ ಬಿಟ್ಟಿದ್ದರು.

ಮುಗಿದದ್ದೇ ತಡ, ಮಾವನ ಫೋನು ಬಂತು.

"ಅಳಿಯಾರ, ನಿಮ್ದು ಒಂದ್ ಮಾತೂ ಬರ್ಲಿಲ್ಲಲ್ರಿ?"

"ವ್ಯಾಳ್ಯಾ ಸಾಲ್ಲಿಲ್ರಿ ಮಾವ."

"ಹೋಗ್ಲಿ ಬಿಡ್ರಿ, ಹಾಡು ಛಲೋ ಇತ್ತು. ಆದ್ರ ನಡುನಡುವ ಯಾವನೋ ಸಮ ತಿಳೀದಾಂವ ವಾಹ್ ವಾಹ್ ಅಂತ ಒದರಾಕತ್ತಿದ್ದ. ಅಂಥಾವನ್ನ ಯಾಕ ಒಳಗ ಬಿಟ್ಕೊಂಡ್ರಿ?"

"ಅದ ನೋಡ್ರಿ ಮಾವ, ನಾನೂ ಬ್ಯಾಡ ಅಂದಿದ್ದೆ" ಎಂದೆ, ಅತ್ಯಂತ ಗಂಭೀರವಾಗಿ.

ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದ ಸುವರ್ಣಾ ಫೋನು ಕಸಿದುಕೊಂಡಳು. "ಅಪ್ಪಾ, ಆ ಮನಷ್ಯಾಗ ನೀನ ಹೆಣ್ಣು ಕೊಟ್ಟಿ."

ಮಾವ ಫೋನನ್ನು ಸ್ಪೀಕರಿಗೆ ಹಾಕಿದ್ದರು. ಇಜೇರಿಯ ಪಡಸಾಲೆಗೆ ಪಡಸಾಲೆಯೇ ಒಂದೇ ದನಿಯಲ್ಲಿ 'ವಾಹ್' ಎಂದಿತು. ಸರಿಯಾಗಿ ಸಮಕ್ಕೇ ಬಿತ್ತು.