ಹೆಣ್ಣು ನೋಡಲು ಹೋದ ಮೂರು ಪ್ರಮಾಣಗಳು

ತರ್ಕಶಾಸ್ತ್ರ ಕಲಿಸುವವನು ಹೆಣ್ಣು ನೋಡಲು ಹೋದರೆ ಏನಾಗುತ್ತದೆ? ಊಹಿಸಿ ನೋಡಿರಿ. ಪುಸ್ತಕದಲ್ಲಿ ತೆಪ್ಪಗೆ ಕೂತಿರುವ ಮಾತುಗಳು ನಮ್ಮ ಕಡೆ ಮನೆಯೊಳಗೆ ಕಾಲಿಟ್ಟವೆಂದರೆ ಒಂದಿಲ್ಲೊಂದು ಗದ್ದಲ ಎಬ್ಬಿಸುತ್ತಲೇ ಇರುತ್ತವೆ. ನಾನಂತೂ ಹುಡುಗಿಯ ಒಪ್ಪಿಗೆಯನ್ನು ಅವಳ ಬಾಯಿಂದಲೇ ಕೇಳದೆ ಏಳುವವನಲ್ಲ ಎಂದು ಗಟ್ಟಿ ಮಾಡಿಕೊಂಡೇ ಸಿಂದಗಿಯಲ್ಲಿ ಬಸ್ಸು ಹತ್ತಿ ಗೊಳಸಂಗಿಗೆ ಹೋಗಿದ್ದೆ.

೧. ಅನುಮಾನ

ಹುಡುಗಿಯ ತಂದೆ ಕೇಳಿದರು: "ಕಾಲೇಜಿನ್ಯಾಗ ಏನ್ ಕಲಿಸ್ತೀರಿ?"

"ಈಗ ಅನುಮಾನ ಕಲಿಸಾಕತ್ತೇನ್ರಿ."

"ಅದಕ್ಕ ಪಗಾರನೂ ಕೊಡ್ತಾರ? ನಮ್ಮವ್ವ ಮನಿ ಮಂದಿಗೆಲ್ಲ ಪುಕ್ಕಟ ಕಲಿಸ್ಯಾಳ!"

೨. ಪ್ರತ್ಯಕ್ಷ

ಬಿಡಲಿಲ್ಲ ನಾನು. ತಿಳಿಸಿಯೇ ತೀರಬೇಕಲ್ಲ! ಹಿತ್ತಲಿನತ್ತ ಕೈಮಾಡಿದೆ.

"ಶಾಸ್ತ್ರದಾಗ ಅನುಮಾನ ಅಂದ್ರ ಸಂಶಯ ಅಲ್ರಿ, ಗುರುತು ನೋಡಿ ಕಾಣದ್ದನ್ನ ತಿಳಿಯೂದು. ಅಲ್ಲಿ ನೋಡ್ರಿ, ಬಣವಿ ಹಿಂದ ಹೊಗಿ ಕಾಣತೈತಿ. ಹೊಗಿ ಐತಿ ಅಂದಮ್ಯಾಲೆ ಬೆಂಕಿ..."

ವ್ಯಾಖ್ಯೆ ಮುಗಿಯಲೇ ಇಲ್ಲ. "ಬಣವಿಗೆ ಬೆಂಕಿ!" ಎಂದು ಮನೆಮಂದಿಯೆಲ್ಲ ಕೊಡ ಹಿಡಿದು ಓಡಿದರು. ನಾಲ್ಕು ಕೊಡ ನೀರು ಬಿದ್ದ ಮೇಲೆ ಬಣವೆಯ ಹಿಂದಿನಿಂದ ತೊಪ್ಪನೆ ತೊಯ್ದು ಎದ್ದುಬಂದವರು ಹುಡುಗಿಯ ದೊಡ್ಡಪ್ಪ. ಕೈಯಲ್ಲಿ ಬೀಡಿ.

ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟರು. "ಬೀಡಿ ಮುಟ್ಟಂಗಿಲ್ಲ ಅಂತ ಬಸವಣ್ಣನ ಮುಂದ ಪ್ರಮಾಣ ಮಾಡಿದ್ರಲ್ಲ?"

ನಾನು ಸುಮ್ಮನಿರಬೇಡವೇ? "ಅವ್ವಾರ, ನಮ್ಮ ಶಾಸ್ತ್ರದಾಗ ಎಲ್ಲಾ ಪ್ರಮಾಣಕ್ಕಿಂತ ಕಣ್ಣಾರೆ ಕಂಡ ಪ್ರತ್ಯಕ್ಷ ಪ್ರಮಾಣ ದೊಡ್ಡದ್ರಿ" ಎಂದುಬಿಟ್ಟೆ.

ದೊಡ್ಡಪ್ಪ ಧೋತರ ಹಿಂಡುತ್ತ ಗುಡುಗಿದರು: "ಈ ಮಾಸ್ತರನ ಸಂಬಂಧ ನಮಗ ಬ್ಯಾಡ!"

ದೊಡ್ಡವ್ವ ಅಂದರು: "ಇಂಥಾ ಅಳಿಯಾನ ಬೇಕಾಗಿತ್ತು ಈ ಮನಿಗೆ!"

೩. ಶಬ್ದ

ಹಿರಿಯರೆಲ್ಲ ಮತ್ತೆ ಕೂತರು. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. "ಸುಮ್ಮನ ನಿಂತಾಳ ಅಂದ್ರ ಒಪ್ಪಿಗಿ ಅಂತನ ಅರ್ಥ. ಎಲಿ ಅಡಿಕಿ ತಗೋರಿ," ಅಂದರು ತಂದೆ.

ನಾನು ಮುಟ್ಟಲಿಲ್ಲ. "ಇಲ್ರಿ, ಸುಮ್ಮನಿರೂದು ಪುರಾವೆ ಅಲ್ಲ. ಅಂಜಿದವರೂ ಸುಮ್ಮನಿರ್ತಾರ, ಸಿಟ್ಟಿಗೆದ್ದವರೂ ಸುಮ್ಮನಿರ್ತಾರ, ಹಲ್ಲುಬ್ಯಾನಿ ಇದ್ದವರೂ ಸುಮ್ಮನಿರ್ತಾರ. ಶಬ್ದ ಬೇಕ್ರಿ, ಶಬ್ದ! ಶಬ್ದ ಅಂದ್ರ ನಂಬುವಂಥವರ ಬಾಯಿಮಾತು. ಅದರಾಗೂ ಎರಡು ಬಗಿ ಅದಾವು..."

ಎರಡನೆಯ ಬಗೆಗೆ ಬರುವಷ್ಟರಲ್ಲಿ ಬಾಗಿಲು ಧಡಲ್ಲನೆ ತೆರೆಯಿತು.

"ಮೂರು ಸಲ ಹೂಂ ಅಂದೇನ್ರಿ! ನೀವು ನಡುವ ಒಮ್ಮೆ ಉಸುರು ತಗೊಂಡಿದ್ರ ಕೇಳಿಸ್ತಿತ್ತು!"

ಎಲೆ ಅಡಿಕೆಗೆ ಕೈಚಾಚಿದೆ. ಅದು ೧೯೭೪ರ ಕಾರಹುಣ್ಣಿಮೆಯ ಮರುದಿನ.